ಥೇಮ್ಸಮ್ಮನ ಒಡ್ಡೋಲಗ: ಬೆನ್ ಆರೊನೊವಿಚ್ ಕಟ್ಟಿದ ಲಂಡನ್

ಲಂಡನ್ನಿನ ಕೋವೆಂಟ್ ಗಾರ್ಡನ್. ಜನವರಿ ತಿಂಗಳ ಕೊರೆಯುವ ಚಳಿ. ರಾತ್ರಿ ಅಲ್ಲೊಂದು ಕೊಲೆಯಾಗಿದೆ, ರುಂಡ ಒಂದು ಕಡೆ, ಮುಂಡ ಒಂದು ಕಡೆ. ಜನ ಹತ್ತಿರ ಬರದಂತೆ ಕಾಯಲು ಇಬ್ಬರು ಹೊಸ ಕಾನ್‌ಸ್ಟೇಬಲ್‌ಗಳನ್ನು ನಿಲ್ಲಿಸಿದ್ದಾರೆ. ಒಬ್ಬಳು ಕಾಫಿ ತರಲು ಹೋದಾಗ ಉಳಿದವನಿಗೆ ಸಾಕ್ಷಿಯೊಬ್ಬ ಸಿಗುತ್ತಾನೆ. ನಡೆದದ್ದನ್ನೆಲ್ಲ ಕಣ್ಣಾರೆ ಕಂಡವನು, ಹೇಳಲೂ ತಯಾರು. ತೊಡಕು ಒಂದೇ: ಸಾಕ್ಷಿ ಸತ್ತು ನೂರು ವರ್ಷದ ಮೇಲಾಗಿದೆ. ಕಾನ್‌ಸ್ಟೇಬಲ್ ಪೀಟರ್ ಗ್ರಾಂಟ್ ಓಟ ಕೀಳುವುದಿಲ್ಲ. ತರಬೇತಿಯಲ್ಲಿ ಕಲಿಸಿದ ಕ್ರಮದಲ್ಲೇ ದೆವ್ವದ ವಿಚಾರಣೆ ಶುರುಮಾಡುತ್ತಾನೆ.

2011ರಲ್ಲಿ ಪ್ರಕಟವಾದ ‘ರಿವರ್ಸ್ ಆಫ್ ಲಂಡನ್’ ಕಾದಂಬರಿ ಆರಂಭವಾಗುವುದು ಹೀಗೆ. ಅಮೆರಿಕದಲ್ಲಿ ಇದೇ ಪುಸ್ತಕ ‘ಮಿಡ್‌ನೈಟ್ ರಯಟ್’ ಎಂಬ ಹೆಸರಿನಲ್ಲಿ ಬಂತು. 2025ರ ಹೊತ್ತಿಗೆ ಈ ಮಾಲೆಯಲ್ಲಿ ಹತ್ತು ಕಾದಂಬರಿಗಳು, ಐದು ಕಿರುಕಾದಂಬರಿಗಳು, ಒಂದು ಕಥಾಸಂಕಲನ, ಜೊತೆಗೆ ಕಾಮಿಕ್ಸ್‌ಗಳ ಒಂದು ಸಾಲು ಸೇರಿವೆ. ಇವು ಅರ್ಬನ್ ಫ್ಯಾಂಟಸಿ ಎಂಬ ಪ್ರಕಾರಕ್ಕೆ ಸೇರಿದವು. ಕೋಟೆ, ಡ್ರ್ಯಾಗನ್, ಕತ್ತಿ ಹಿಡಿದ ರಾಜಕುಮಾರರ ಕಾಲ್ಪನಿಕ ನಾಡನ್ನು ಬಿಟ್ಟು, ಬಸ್ಸು, ಬಾಡಿಗೆ ಮನೆ, ಟ್ರಾಫಿಕ್ಕುಗಳಿರುವ ಇಂದಿನ ಊರಿನೊಳಗೇ ಮಾಯೆಯನ್ನು ಬೆರೆಸುವ ಕಥೆಗಳು. ಎಮ್ಮಾ ಬುಲ್ 1987ರಲ್ಲೇ ಮಿನಿಯಾಪೊಲಿಸ್ ನಗರದ ರಾಕ್ ಸಂಗೀತಗಾರರ ನಡುವೆ ಯಕ್ಷಲೋಕದವರನ್ನು ಇಳಿಸಿದ್ದರು. 2000ದಲ್ಲಿ ಜಿಮ್ ಬುಚರ್ ಷಿಕಾಗೋದಲ್ಲಿ ಮಂತ್ರವಾದಿ ಪತ್ತೇದಾರನೊಬ್ಬನ ಕಚೇರಿ ತೆರೆಸಿದರು. ಆರೊನೊವಿಚ್ ಬಂದದ್ದು ಇವರೆಲ್ಲರ ನಂತರ. ಆದರೆ ಅವರ ನಾಯಕ ಒಂಟಿ ಸಾಹಸಿಯಲ್ಲ, ಸರ್ಕಾರಿ ನೌಕರ. ಅವನಿಗೆ ಮೇಲಧಿಕಾರಿಗಳಿದ್ದಾರೆ, ಶಿಫ್ಟ್ ಇದೆ, ಭರ್ತಿ ಮಾಡಬೇಕಾದ ಫಾರಂಗಳಿವೆ.

ಟಿವಿಯಿಂದ ಪುಸ್ತಕದಂಗಡಿಗೆ

ಬೆನ್ ಆರೊನೊವಿಚ್ ಹುಟ್ಟಿದ್ದು 1964ರಲ್ಲಿ, ಲಂಡನ್ನಿನಲ್ಲೇ. ತಂದೆ ಸ್ಯಾಮ್ ಆರೊನೊವಿಚ್ ಅರ್ಥಶಾಸ್ತ್ರಜ್ಞರು, ಬ್ರಿಟನ್ನಿನ ಕಮ್ಯುನಿಸ್ಟ್ ಪಕ್ಷದಲ್ಲಿದ್ದವರು. ಅಣ್ಣ ಡೇವಿಡ್ ಪತ್ರಕರ್ತರಾಗಿ ಹೆಸರಾದರು, ಇನ್ನೊಬ್ಬ ಸೋದರ ಓವೆನ್ ನಟ.

ಬೆನ್ ಮೊದಲು ಕಾಣಿಸಿಕೊಂಡದ್ದು ಬಿಬಿಸಿಯ ‘ಡಾಕ್ಟರ್ ಹೂ’ ಧಾರಾವಾಹಿಯ ಬರಹಗಾರರಾಗಿ. 1988ರ ‘ರಿಮೆಂಬ್ರೆನ್ಸ್ ಆಫ್ ದಿ ಡಾಲೆಕ್ಸ್’ ಅವರದು. ಬರೆದಾಗ ಅವರಿಗೆ ಇಪ್ಪತ್ತೈದೂ ತುಂಬಿರಲಿಲ್ಲ. ಕಥೆ ನಡೆಯುವುದು 1963ರ ಲಂಡನ್ನಿನಲ್ಲಿ. ಅದರಲ್ಲಿ ಬರುವ ಒಂದು ವಸತಿಗೃಹದ ಕಿಟಕಿಯಲ್ಲಿ ಕಪ್ಪು ಜನರಿಗೆ ಜಾಗವಿಲ್ಲ ಎಂಬ ಫಲಕ ತೂಗುತ್ತಿರುತ್ತದೆ. ತಮ್ಮ ಜನಾಂಗವೇ ಶುದ್ಧ ಎಂದು ನಂಬಿ ಉಳಿದವರನ್ನು ಅಳಿಸಹೊರಟ ಡಾಲೆಕ್‌ಗಳ ಕಥೆಯೊಳಗೆ ಆ ಫಲಕ ಸುಮ್ಮನೆ ಬಂದದ್ದಲ್ಲ. ಮರುವರ್ಷದ ‘ಬ್ಯಾಟಲ್‌ಫೀಲ್ಡ್’ನಲ್ಲಿ ಸೇನೆಯ ಬ್ರಿಗೇಡಿಯರ್ ಒಬ್ಬ ಕಪ್ಪು ಮಹಿಳೆ. ಲಂಡನ್ ಯಾರದು ಎಂಬ ಪ್ರಶ್ನೆ ಈ ಲೇಖಕರನ್ನು ಕಾದಂಬರಿಗಳಿಗಿಂತ ಎರಡು ದಶಕ ಮೊದಲೇ ಹಿಡಿದಿತ್ತು.

1989ರಲ್ಲಿ ಧಾರಾವಾಹಿ ನಿಂತುಹೋಯಿತು. ‘ಟ್ರಾನ್ಸಿಟ್’, ‘ದಿ ಆಲ್ಸೋ ಪೀಪಲ್’ನಂಥ ಡಾಕ್ಟರ್ ಹೂ ಕಾದಂಬರಿಗಳನ್ನು ಬರೆದದ್ದು 1990ರ ದಶಕದಲ್ಲಿ. ಆಮೇಲೆ ಬರವಣಿಗೆಯಿಂದ ಹೊಟ್ಟೆ ತುಂಬದ ಕಾಲ ಬಂತು. ಕೋವೆಂಟ್ ಗಾರ್ಡನ್ನಿನ ವಾಟರ್‌ಸ್ಟೋನ್ಸ್ ಪುಸ್ತಕದಂಗಡಿಯಲ್ಲಿ ಕೆಲಸಕ್ಕೆ ಸೇರಿದರು. ಮೊದಲ ಕಾದಂಬರಿಯ ಕೊಲೆ ಆ ಅಂಗಡಿಯ ಆಸುಪಾಸಿನಲ್ಲೇ ನಡೆಯುತ್ತದೆ. ದಿನಾ ನಡೆದ ಬೀದಿಯನ್ನೇ ಬರೆದರು ಎನ್ನುವುದು ಪುಟಪುಟದಲ್ಲೂ ಗೊತ್ತಾಗುತ್ತದೆ.

ಪೀಟರ್ ಗ್ರಾಂಟ್ ಮತ್ತು ‘ಫಾಲಿ’

ಪೀಟರ್‌ನ ತಾಯಿ ಸಿಯೆರಾ ಲಿಯೋನ್‌ನಿಂದ ಬಂದವಳು, ಕಚೇರಿಗಳನ್ನು ಗುಡಿಸಿ ಒರೆಸಿ ಸಂಸಾರ ನಡೆಸಿದವಳು. ತಂದೆ ಬಿಳಿಯ, ಪ್ರತಿಭಾವಂತ ಜಾಝ್ ಕಹಳೆಗಾರ, ಮಾದಕವಸ್ತುವಿನ ಚಟಕ್ಕೆ ಬಿದ್ದು ಬಂದ ಹೆಸರನ್ನು ಉಳಿಸಿಕೊಳ್ಳದವನು. ಪೀಟರ್ ಬೆಳೆದದ್ದು ಕೆಂಟಿಷ್ ಟೌನ್‌ನ ಸರ್ಕಾರಿ ವಸತಿಗೃಹದಲ್ಲಿ. ವಾಸ್ತುಶಿಲ್ಪಿಯಾಗುವ ಆಸೆಯಿತ್ತು, ಚಿತ್ರ ಬಿಡಿಸಲು ಬರುತ್ತಿರಲಿಲ್ಲ. ಹಾಗಾಗಿ ಅಪರಾಧಿಯ ಬೆನ್ನುಹತ್ತಿ ಓಡುವಾಗಲೂ ಪಕ್ಕದ ಕಟ್ಟಡ ಯಾವ ಶೈಲಿಯದು, ಯಾವ ವಾಸ್ತುಶಿಲ್ಪಿ ಅದನ್ನು ಕೆಡಿಸಿದ ಎಂದು ಹೇಳದೆ ಬಿಡುವುದಿಲ್ಲ.

ಪೊಲೀಸ್ ಇಲಾಖೆ ಇವನನ್ನು ಕಡತ ನೋಡಿಕೊಳ್ಳುವ ವಿಭಾಗಕ್ಕೆ ತಳ್ಳುವುದರಲ್ಲಿತ್ತು. ದೆವ್ವದ ಸಾಕ್ಷ್ಯ ಅವನನ್ನು ಉಳಿಸುತ್ತದೆ. ರಸೆಲ್ ಸ್ಕ್ವೇರ್‌ನಲ್ಲಿರುವ ‘ಫಾಲಿ’ ಎಂಬ ಹಳೆಯ ಮಹಲಿಗೆ ಅವನ ವರ್ಗವಾಗುತ್ತದೆ. ಅದು ಇಂಗ್ಲೆಂಡಿನ ಅಧಿಕೃತ ಮಂತ್ರವಾದಿಗಳ ಮನೆ. ಈಗ ಅಲ್ಲಿ ಉಳಿದಿರುವ ಮಂತ್ರವಾದಿ ಒಬ್ಬನೇ, ಇನ್ಸ್‌ಪೆಕ್ಟರ್ ಥಾಮಸ್ ನೈಟಿಂಗೇಲ್. ಹುಟ್ಟಿದ್ದು 1900ರಲ್ಲಿ, 1970ರ ದಶಕದಿಂದೀಚೆಗೆ ಅವನ ವಯಸ್ಸು ಹಿಂದಕ್ಕೆ ಸರಿಯುತ್ತಿದೆ, ಕಾರಣ ಅವನಿಗೂ ತಿಳಿಯದು. ಉಳಿದವರಲ್ಲಿ ಹೆಚ್ಚಿನವರು ಎರಡನೆಯ ಮಹಾಯುದ್ಧದ ಕೊನೆಯಲ್ಲಿ ಜರ್ಮನಿಯ ಎಟ್ಟರ್ಸ್‌ಬರ್ಗ್ ಗುಡ್ಡದಲ್ಲಿ ಸತ್ತರು. ಆ ಗುಡ್ಡ ನಿಜವಾದದ್ದು, ನಾಜಿಗಳ ಬುಕೆನ್‌ವಾಲ್ಡ್ ಯಾತನಾ ಶಿಬಿರ ಇದ್ದದ್ದು ಅಲ್ಲಿಯೇ. ಇಡೀ ಮಾಲೆ ನಗುನಗುತ್ತ ಸಾಗಿದರೂ ಅದರ ತಳದಲ್ಲಿರುವುದು ಈ ಗುಡ್ಡ. ಸತ್ತ ಗೆಳೆಯರ ಹೆಸರುಗಳನ್ನು ತಾವು ಓದಿದ ಶಾಲೆಯ ಗೋಡೆಯಲ್ಲಿ ತನ್ನ ಕೈಯಾರೆ ಕೆತ್ತಿದ ನೈಟಿಂಗೇಲ್, ಅದರ ಬಗ್ಗೆ ಮಾತಾಡುವುದೇ ಅಪರೂಪ.

ನ್ಯೂಟನ್ ಬರೆದ ಇನ್ನೊಂದು ಶಾಸ್ತ್ರ

ಈ ಲೋಕದಲ್ಲಿ ಮಂತ್ರವಿದ್ಯೆಗೆ ಶಾಸ್ತ್ರದ ರೂಪ ಕೊಟ್ಟವನು ಐಸಾಕ್ ನ್ಯೂಟನ್. 1687ರ ‘ಪ್ರಿನ್ಸಿಪಿಯಾ’ ಎಲ್ಲರೂ ಬಲ್ಲ ಗ್ರಂಥ. ಗುಟ್ಟಾಗಿ ಇನ್ನೊಂದನ್ನೂ ಬರೆದಿದ್ದ ಎನ್ನುವುದು ಲೇಖಕರ ಕಲ್ಪನೆ. ಕಲ್ಪನೆಗೆ ಗಟ್ಟಿ ಬುಡವಿದೆ. ನಿಜವಾದ ನ್ಯೂಟನ್ ರಸವಾದದ ಮೇಲೆ ರಾಶಿ ಹಾಳೆ ಬರೆದಿದ್ದ. 1936ರಲ್ಲಿ ಅವು ಹರಾಜಾದಾಗ ಒಂದು ದೊಡ್ಡ ಪಾಲನ್ನು ಕೊಂಡವರು ಅರ್ಥಶಾಸ್ತ್ರಜ್ಞ ಜಾನ್ ಮೇನಾರ್ಡ್ ಕೇನ್ಸ್.

ಇಲ್ಲಿ ಮಂತ್ರ ಕಲಿಯುವುದು ಬೇಸರದ ಕೆಲಸ. ಅಂಗೈಯಲ್ಲಿ ಬೆಳಕು ಹೊತ್ತಿಸುವ ಮೊದಲ ಪಾಠಕ್ಕೇ ವಾರಗಟ್ಟಲೆ ಅಭ್ಯಾಸ ಬೇಕು, ಜೊತೆಗೆ ಲ್ಯಾಟಿನ್ ವ್ಯಾಕರಣ. ಅತಿಯಾದರೆ ಮಿದುಳು ಹೂಕೋಸಿನ ಹಾಗೆ ಸುಕ್ಕುಗಟ್ಟಿ ಪ್ರಾಣ ಹೋಗುತ್ತದೆ. ಹತ್ತಿರದಲ್ಲಿ ಚಾಲೂ ಇರುವ ಮೊಬೈಲ್ ಇದ್ದರೆ ಅದರ ಚಿಪ್ ಮರಳಾಗುತ್ತದೆ. ಪೀಟರ್ ಸುಮ್ಮನಿರುವ ಪೈಕಿಯಲ್ಲ. ಎಷ್ಟು ದೂರದವರೆಗೆ ಹಾಳಾಗುತ್ತದೆ, ಬ್ಯಾಟರಿ ತೆಗೆದಿಟ್ಟರೆ ಏನಾಗುತ್ತದೆ ಎಂದು ಪ್ರಯೋಗ ಮಾಡಿ ಬರೆದಿಡುತ್ತಾನೆ. ಮಾಯೆ ನಡೆದ ಜಾಗದಲ್ಲಿ ಉಳಿಯುವ ಛಾಯೆಯನ್ನು ಅಳೆಯಲು ಉಪಕರಣ ಇಲ್ಲವಾದ್ದರಿಂದ ಟೋಬಿ ಎಂಬ ನಾಯಿ ಎಷ್ಟು ಜೋರಾಗಿ ಬೊಗಳುತ್ತದೆ ಎನ್ನುವುದನ್ನೇ ಅಳತೆಯ ಮಾನ ಮಾಡಿಕೊಳ್ಳುತ್ತಾನೆ. ನೂರು ವರ್ಷ ಬದುಕಿದ ಗುರುವಿಗೆ ಇಂಥದೊಂದು ಹೊಳೆದೇ ಇರಲಿಲ್ಲ. ಗುರುಶಿಷ್ಯರ ನಡುವಿನ ಈ ತಮಾಷೆ ಮಾಲೆಯ ಅತ್ಯಂತ ಸೊಗಸಾದ ಎಳೆ ಎಂದು ನನ್ನ ಎಣಿಕೆ.

ನದಿಗಳ ಸಂಸಾರ

ಶೀರ್ಷಿಕೆಯ ನದಿಗಳು ನಿಜವಾಗಿಯೂ ಇವೆ, ಹೆಚ್ಚಿನವು ಕಣ್ಣಿಗೆ ಬೀಳುವುದಿಲ್ಲ. ಥೇಮ್ಸ್‌ಗೆ ಸೇರುತ್ತಿದ್ದ ಫ್ಲೀಟ್, ಟೈಬರ್ನ್, ಎಫ್ರಾ, ವೆಸ್ಟ್‌ಬೋರ್ನ್, ವಾಲ್‌ಬ್ರೂಕ್ ಹೊಳೆಗಳ ಮೇಲೆ ಊರು ಬೆಳೆಯಿತು. ಹ್ಯಾಂಪ್‌ಸ್ಟೆಡ್ ಹೀತ್‌ನಲ್ಲಿ ಹುಟ್ಟುವ ಫ್ಲೀಟ್ ಈಗ ಚರಂಡಿಯಾಗಿ ಬ್ಲ್ಯಾಕ್‌ಫ್ರೈಯರ್ಸ್ ಸೇತುವೆಯ ಕೆಳಗೆ ಥೇಮ್ಸ್‌ಗೆ ಸೇರುತ್ತದೆ. ವೆಸ್ಟ್‌ಬೋರ್ನ್ ಸ್ಲೋನ್ ಸ್ಕ್ವೇರ್ ಸುರಂಗ ರೈಲು ನಿಲ್ದಾಣದಲ್ಲಿ ಹಳಿಗಳ ಮೇಲೆ ದೊಡ್ಡ ಕಬ್ಬಿಣದ ಕೊಳವೆಯೊಳಗೆ ಹರಿಯುತ್ತದೆ. ಕೆಳಗೆ ನಿಂತ ಪ್ರಯಾಣಿಕರಲ್ಲಿ ತಲೆಯ ಮೇಲಿರುವುದು ಹೊಳೆ ಎಂದು ಬಲ್ಲವರು ಕಡಿಮೆ.

1858ರ ಬೇಸಿಗೆಯಲ್ಲಿ ಥೇಮ್ಸ್ ಎಷ್ಟು ನಾರಿತೆಂದರೆ ಸಂಸತ್ತಿನ ಪರದೆಗಳನ್ನು ಸುಣ್ಣದ ಪುಡಿಯಂಥ ರಾಸಾಯನಿಕದಲ್ಲಿ ಅದ್ದಿ ತೂಗುಹಾಕಬೇಕಾಯಿತು. ಇತಿಹಾಸದಲ್ಲಿ ಅದು ‘ಮಹಾ ದುರ್ನಾತ’. ಎಂಜಿನಿಯರ್ ಜೋಸೆಫ್ ಬಜಲ್‌ಜೆಟ್ ಹಾಕಿದ ಒಳಚರಂಡಿ ಜಾಲ ಅದರ ಫಲ. ಆರೊನೊವಿಚ್ ಈ ಸಂಗತಿಯನ್ನು ಹಿಡಿದು ಕಥೆ ಕಟ್ಟುತ್ತಾರೆ: ಆ ಕೊಳಕಿನಲ್ಲಿ ಮಕ್ಕಳನ್ನು ಕಳೆದುಕೊಂಡ ನದಿಯ ದೇವರು, ಮುದುಕ ಥೇಮ್ಸಪ್ಪ, ರೋಸಿ ಲಂಡನ್ ಬಿಟ್ಟು ಮೇಲಕ್ಕೆ ಹೋದ. ತಿರುಗಿ ಬರಲಿಲ್ಲ. ಸುಮಾರು ನೂರು ವರ್ಷ ಗದ್ದುಗೆ ಖಾಲಿ.

1950ರ ದಶಕದಲ್ಲಿ ನೈಜೀರಿಯಾದಿಂದ ನರ್ಸ್ ತರಬೇತಿಗೆ ಬಂದ ಹುಡುಗಿಯೊಬ್ಬಳು ಎದೆಯೊಡೆದು ಲಂಡನ್ ಸೇತುವೆಯಿಂದ ಹಾರುತ್ತಾಳೆ. ನದಿ ಅವಳನ್ನು ಕೊಲ್ಲುವುದಿಲ್ಲ, ಗದ್ದುಗೆಗೆ ಕೂರಿಸುತ್ತದೆ. ಅವಳೇ ಮಾಮಾ ಥೇಮ್ಸ್, ನಮ್ಮ ಬಾಯಲ್ಲಾದರೆ ಥೇಮ್ಸಮ್ಮ. ಹೂತುಹೋದ ಹೊಳೆಗಳು ಅವಳ ಹೆಣ್ಣುಮಕ್ಕಳು. ಟೈಬರ್ನ್ ಶ್ರೀಮಂತ ಮೇಫೇರ್‌ನ ಕೆಳಗೆ ಹರಿಯುತ್ತದಲ್ಲ, ಆ ಲೇಡಿ ಟೈ ಆಕ್ಸ್‌ಫರ್ಡ್‌ನಲ್ಲಿ ಓದಿ ಮಂತ್ರಿಗಳ ಜೊತೆ ಊಟ ಮಾಡುವವಳು. ರಿಚ್ಮಂಡ್ ಪಾರ್ಕಿನ ಮೂಲಕ ಬಯಲಿನಲ್ಲೇ ಹರಿಯುವ ಬೆವರ್ಲಿ ಬ್ರೂಕ್ ಹುಡುಗುಬುದ್ಧಿಯ ತುಂಟಿ, ಮುಂದೆ ಪೀಟರ್‌ನ ಪ್ರೇಯಸಿ.

ಕಾವೇರಿಯನ್ನು ತಾಯಿ ಎಂದು ಕರೆದು ತುಲಾ ಸಂಕ್ರಮಣಕ್ಕೆ ತಲಕಾವೇರಿಗೆ ಹೋಗುವವರಿಗೆ ನದಿ ದೇವತೆ ಎಂಬುದು ಹೊಸ ಸುದ್ದಿಯೇನಲ್ಲ. ಇಲ್ಲಿ ಹೊಸದು ದೇವತೆಯ ನೇಮಕ. ನದಿ ಅವಳ ಕುಲ ಕೇಳಲಿಲ್ಲ, ಹುಟ್ಟಿದೂರು ಕೇಳಲಿಲ್ಲ. ಖಾಲಿ ಬಿದ್ದ ಜಾಗಕ್ಕೆ ಬಂದು ನಿಂತವಳೇ ಒಡತಿಯಾದಳು. ಯುದ್ಧಾನಂತರದ ಬ್ರಿಟನ್ನಿನ ಆಸ್ಪತ್ರೆ, ಬಸ್ಸುಗಳನ್ನು ನಡೆಸಿದ್ದು ಕೆರಿಬಿಯನ್ ದ್ವೀಪಗಳಿಂದ, ಆಫ್ರಿಕಾದಿಂದ ಬಂದವರು ಎಂಬುದನ್ನು ನೆನೆದರೆ ಈ ಪುರಾಣದ ಮೊನೆ ತಾಗುತ್ತದೆ. ಹತ್ತು ಭಾಷಣ ಹೇಳಲಾರದ್ದನ್ನು ಒಂದು ಪಾತ್ರ ಹೇಳುತ್ತದೆ.

ಅಮ್ಮನಿಗೂ ಅಪ್ಪನಿಗೂ ಗಡಿ ಜಗಳ. ಸಮುದ್ರದ ಉಬ್ಬರವಿಳಿತ ಮುಟ್ಟುವ ಟೆಡಿಂಗ್‌ಟನ್ ಲಾಕ್‌ವರೆಗೆ ಅವಳದು, ಅದರ ಮೇಲೆ ಅವನದು. ಮೊದಲ ಕಾದಂಬರಿಯಲ್ಲಿ ಪೀಟರ್ ಇದನ್ನು ಬಗೆಹರಿಸುವುದು ಹಳೆಯ ರಾಜರ ಉಪಾಯದಿಂದ: ಎರಡೂ ಕಡೆಯವರು ಒಬ್ಬೊಬ್ಬ ಮಗುವನ್ನು ಒತ್ತೆಯಿಡಬೇಕು. ಬೆವರ್ಲಿ ಮೇಲಕ್ಕೆ ಹೋಗುತ್ತಾಳೆ, ಅಲ್ಲಿಂದ ಆ್ಯಶ್ ಎಂಬ ಹುಡುಗ ಕೆಳಗೆ ಬರುತ್ತಾನೆ.

ಕಾದಂಬರಿಗಳ ಸಾಲು

ಮೊದಲ ಪುಸ್ತಕದ ಕೇಡಿಗ ಪಂಚ್. ‘ಪಂಚ್ ಆ್ಯಂಡ್ ಜೂಡಿ’ ಬೊಂಬೆಯಾಟದಲ್ಲಿ ದೊಣ್ಣೆಯಿಂದ ಎಲ್ಲರನ್ನೂ ಬಡಿಯುವ ಉದ್ದಮೂಗಿನವನು. ಸ್ಯಾಮುಯೆಲ್ ಪೀಪ್ಸ್ 1662ರಲ್ಲಿ ಕೋವೆಂಟ್ ಗಾರ್ಡನ್ನಿನಲ್ಲಿ ಆ ಆಟ ನೋಡಿದ್ದಾಗಿ ದಿನಚರಿಯಲ್ಲಿ ಬರೆದಿದ್ದಾನೆ, ಅಲ್ಲಿನ ಸೇಂಟ್ ಪಾಲ್ ಚರ್ಚಿನ ಮುಂದೆ ಅದನ್ನು ನೆನಪಿಸುವ ಕೆತ್ತನೆ ಇದೆ. ದೆವ್ವ ಕಾಣಿಸಿಕೊಳ್ಳುವುದೂ ಅದೇ ಕಂಬಗಳ ಮರೆಯಲ್ಲಿ.

‘ಮೂನ್ ಓವರ್ ಸೋಹೋ’ದಲ್ಲಿ ಜಾಝ್ ಕಲಾವಿದರು ಒಬ್ಬೊಬ್ಬರಾಗಿ ಸಾಯುತ್ತಾರೆ, ಅಪ್ಪನ ಸಂಗೀತ ಮಗನ ತನಿಖೆಯಾಗುತ್ತದೆ. ‘ವಿಸ್ಪರ್ಸ್ ಅಂಡರ್ ಗ್ರೌಂಡ್’ ಬೇಕರ್ ಸ್ಟ್ರೀಟ್ ನಿಲ್ದಾಣದಲ್ಲಿ ಸಿಕ್ಕ ಹೆಣದಿಂದ ಶುರುವಾಗಿ ನೆಲದಡಿಗೆ ಇಳಿಯುತ್ತದೆ. ಮಾಲೆಯ ಶಿಖರ 2013ರ ‘ಬ್ರೋಕನ್ ಹೋಮ್ಸ್’. ಎಲಿಫೆಂಟ್ ಆ್ಯಂಡ್ ಕ್ಯಾಸಲ್ ಪ್ರದೇಶದ ಬಹುಮಹಡಿ ವಸತಿ ಗೋಪುರವೊಂದು ಅದರ ಕೇಂದ್ರ. ಅಲ್ಲಿದ್ದ ಹೇಗೇಟ್ ಎಂಬ ದೊಡ್ಡ ಸರ್ಕಾರಿ ವಸತಿ ಸಮುಚ್ಚಯವನ್ನು ನಿವಾಸಿಗಳಿಂದ ತೆರವು ಮಾಡಿಸಿ ಕೆಡವುತ್ತಿದ್ದ ವರ್ಷಗಳವು. ಬಡವರ ಮನೆಗಳನ್ನು ಯಾರು, ಏಕೆ ಕಟ್ಟುತ್ತಾರೆ, ಯಾರು ಉರುಳಿಸುತ್ತಾರೆ ಎಂಬುದೇ ಇಲ್ಲಿ ಮಾಯೆಯ ಕಥೆಯೂ ಆಗುತ್ತದೆ. ಕೊನೆಯ ಪುಟಗಳಲ್ಲಿ ಪೀಟರ್‌ಗೆ ಬೀಳುವ ಪೆಟ್ಟನ್ನು ಇಲ್ಲಿ ಹೇಳಿದರೆ ಓದುವವರಿಗೆ ಅನ್ಯಾಯ.

ಅದಾದ ಮೇಲೆ ಲೇಖಕರಿಗೂ ಹವಾ ಬದಲಾವಣೆ ಬೇಕೆನಿಸಿರಬೇಕು. ‘ಫಾಕ್ಸ್‌ಗ್ಲವ್ ಸಮ್ಮರ್’ ಹೆರೆಫರ್ಡ್‌ಶೈರ್‌ನ ಹಳ್ಳಿಗೆ, ಕಾಣೆಯಾದ ಇಬ್ಬರು ಹುಡುಗಿಯರ ಹುಡುಕಾಟಕ್ಕೆ ಹೋಗುತ್ತದೆ. 2016ರ ‘ದಿ ಹ್ಯಾಂಗಿಂಗ್ ಟ್ರೀ’ 1783ರವರೆಗೆ ಗಲ್ಲು ನಡೆಯುತ್ತಿದ್ದ ಟೈಬರ್ನ್ ಹೆಸರನ್ನು ಹೊತ್ತಿದೆ. ಪಾತ್ರಗಳು ಹೆಚ್ಚಾಗಿ ಗೋಜಲಾದ ಪುಸ್ತಕ. ‘ಮುಖವಿಲ್ಲದವ’ ಎಂಬ ದುಷ್ಟ ಮಂತ್ರವಾದಿಯ ಕಥೆ ಎರಡನೆಯ ಪುಸ್ತಕದಿಂದ ಎಳೆದು ಎಳೆದು 2018ರ ‘ಲೈಸ್ ಸ್ಲೀಪಿಂಗ್’ನಲ್ಲಿ ಮುಗಿಯುತ್ತದೆ. ಒಂದು ಪುಸ್ತಕ ಮೊದಲೇ ಮುಗಿದಿದ್ದರೆ ಚೆನ್ನಿತ್ತು.

ನಂತರದವು ಬಿಡಿ ಪ್ರಕರಣಗಳು. ‘ಫಾಲ್ಸ್ ವ್ಯಾಲ್ಯೂ’ ಲಂಡನ್ನಿನ ಐಟಿ ಕಂಪನಿಯೊಂದಕ್ಕೂ ಬ್ಯಾಬೇಜ್, ಏಡಾ ಲವ್ಲೇಸ್ ಕಾಲದ ಯಂತ್ರಕ್ಕೂ ನಂಟು ಹಾಕುತ್ತದೆ. ‘ಅಮಂಗ್ಸ್ಟ್ ಅವರ್ ವೆಪನ್ಸ್’ ಚಾನ್ಸರಿ ಲೇನ್‌ನ ನೆಲಮಾಳಿಗೆಯ ಬೆಳ್ಳಿ ಅಂಗಡಿಗಳಲ್ಲಿ ಆರಂಭವಾಗುತ್ತದೆ. 2025ರ ‘ಸ್ಟೋನ್ ಆ್ಯಂಡ್ ಸ್ಕೈ’ ಇಡೀ ಸಂಸಾರವನ್ನು ಸ್ಕಾಟ್ಲೆಂಡಿನ ಆಬರ್ಡೀನ್‌ಗೆ ಕರೆದೊಯ್ಯುತ್ತದೆ.

ಪೊಲೀಸ್ ಎಂಬ ನೌಕರಿ

ಇಂಗ್ಲೆಂಡಿನ ಪೊಲೀಸರು ದೊಡ್ಡ ತನಿಖೆಗಳಲ್ಲಿ ಬಳಸುವ ‘ಹೋಮ್ಸ್’ ಎಂಬ ಕಂಪ್ಯೂಟರ್ ವ್ಯವಸ್ಥೆ ಈ ಕಥೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಪೀಟರ್ ಹೋಮ್ಸ್‌ಗೆ ತುಂಬಿಸುವ ವಿವರಗಳು, ಸಿಸಿಟಿವಿ ದೃಶ್ಯ ನೋಡುತ್ತ ಕಳೆಯುವ ಗಂಟೆಗಳು, ಮನೆಮನೆಗೆ ಹೋಗಿ ಕೇಳುವ ಪ್ರಶ್ನೆಗಳು ಕಥೆಯ ವೇಗ ತಗ್ಗಿಸುತ್ತವೆ. ಆದರೆ ನಂಬಿಕೆ ಹುಟ್ಟುವುದೂ ಅವುಗಳಿಂದಲೇ. ಮಾಯೆ ಬೆರೆತ ಪ್ರಕರಣಕ್ಕೆ ಇಲಾಖೆಯಲ್ಲಿ ‘ಫಾಲ್ಕನ್’ ಎಂಬ ಸಂಕೇತ ಪದವೂ ಇದೆ. ಹಿರಿಯ ಅಧಿಕಾರಿಗಳು ಆ ಪದ ಕಿವಿಗೆ ಬಿದ್ದೊಡನೆ ಮುಖ ಕಿವುಚುತ್ತಾರೆ.

ಒಂದು ಆಕ್ಷೇಪ ಎತ್ತಲೇಬೇಕು. ಲಂಡನ್ ಪೊಲೀಸ್ ಸಂಸ್ಥೆಯೊಳಗೇ ಜನಾಂಗಭೇದ ಬೇರುಬಿಟ್ಟಿದೆ ಎಂದು 1999ರ ಮ್ಯಾಕ್‌ಫರ್ಸನ್ ವರದಿ ಹೇಳಿತ್ತು. ಕಪ್ಪು ಕಾನ್‌ಸ್ಟೇಬಲ್ ಪೀಟರ್ ಇದನ್ನು ಚುಟುಕು ನಗೆಮಾತುಗಳಲ್ಲಿ ಮುಟ್ಟಿ ದಾಟುತ್ತಾನೆ. ನಗೆ ಹರಿತವಾಗಿದೆ, ಸರಿ. ಆದರೆ ಅವನ ಸಹೋದ್ಯೋಗಿಗಳು ವಾಸ್ತವಕ್ಕಿಂತ ಹೆಚ್ಚು ಸಜ್ಜನರಾಗಿ ಕಾಣುತ್ತಾರೆ.

ಲಂಡನ್ನಿನ ಆಚೆ

ಕಿರುಕಾದಂಬರಿಗಳಲ್ಲಿ ಲೇಖಕರು ಕೈ ಬೀಸಿ ಆಡಿದ್ದಾರೆ. 2019ರ ‘ದಿ ಅಕ್ಟೋಬರ್ ಮ್ಯಾನ್’ ಜರ್ಮನಿಯ ಟ್ರಿಯರ್‌ನಲ್ಲಿ, ಮೊಸೆಲ್ ತೀರದ ದ್ರಾಕ್ಷಿ ತೋಟಗಳ ನಡುವೆ ನಡೆಯುತ್ತದೆ. ಹೆಣದ ಮೇಲೆ ಬೆಳೆದದ್ದು ದ್ರಾಕ್ಷಿಗೆ ಹಿಡಿಯುವ ಬೂಷ್ಟು. ‘ವಾಟ್ ಅಬಿಗೇಲ್ ಡಿಡ್ ದಟ್ ಸಮ್ಮರ್’ನಲ್ಲಿ ಪೀಟರ್‌ನ ಹದಿಹರೆಯದ ನಂಟಳು ಮಾತಾಡುವ ನರಿಗಳ ಜೊತೆ ಹ್ಯಾಂಪ್‌ಸ್ಟೆಡ್ ಹೀತ್ ಸುತ್ತುತ್ತಾಳೆ, ಅವಳ ಚುರುಕು ದನಿ ಪೀಟರ್‌ನದಕ್ಕಿಂತ ಒಂದು ಕೈ ಮೇಲು. 2024ರ ‘ದಿ ಮಾಸ್ಕರೇಡ್ಸ್ ಆಫ್ ಸ್ಪ್ರಿಂಗ್’ 1920ರ ದಶಕದ ನ್ಯೂಯಾರ್ಕ್‌ಗೆ, ಯುವಕ ನೈಟಿಂಗೇಲ್ ಬೆನ್ನಟ್ಟಿದ ಮಾಯಾ ಸ್ಯಾಕ್ಸೊಫೋನಿನ ಕಥೆಗೆ ಹೋಗುತ್ತದೆ. ಹೇಳುವವನು ವುಡ್‌ಹೌಸ್ ಪುಸ್ತಕದಿಂದ ಎದ್ದು ಬಂದಂಥ ಶ್ರೀಮಂತ ಸೋಮಾರಿ.

2015ರಿಂದ ಬರುತ್ತಿರುವ ಕಾಮಿಕ್ಸ್‌ಗಳಲ್ಲಿ ಆರೊನೊವಿಚ್ ಜೊತೆ ಬರೆದವರು ಆ್ಯಂಡ್ರೂ ಕಾರ್ಟ್‌ಮೆಲ್, ಡಾಕ್ಟರ್ ಹೂ ದಿನಗಳಲ್ಲಿ ಇವರ ಚಿತ್ರಕಥೆ ತಿದ್ದುತ್ತಿದ್ದ ಸಂಪಾದಕರು. ಸೈಮನ್ ಪೆಗ್ ಮತ್ತು ನಿಕ್ ಫ್ರಾಸ್ಟ್ ಅವರ ಸಂಸ್ಥೆ ಟಿವಿ ಸರಣಿ ಮಾಡುವುದಾಗಿ 2019ರಲ್ಲಿ ಸುದ್ದಿಯಾಗಿತ್ತು.

ಎಲ್ಲಿಂದ ಓದುವುದು?

ಮೊದಲ ನಾಲ್ಕನ್ನು ಸಾಲಾಗಿಯೇ ಓದಬೇಕು. ಲೆಸ್ಲಿ ಮೇ, ಆ ರಾತ್ರಿ ಕಾಫಿ ತರಲು ಹೋದವಳು, ಅವಳ ಕಥೆ ಪುಸ್ತಕದಿಂದ ಪುಸ್ತಕಕ್ಕೆ ತೂಕ ಪಡೆಯುತ್ತದೆ. ನಡುವೆ ಹೊಕ್ಕರೆ ಅದು ಕೈತಪ್ಪುತ್ತದೆ. ಪೂರ್ತಿ ಮಾಲೆಗೆ ಇಳಿಯುವ ಮುನ್ನ ರುಚಿ ನೋಡಬೇಕೆನ್ನುವವರಿಗೆ ‘ದಿ ಅಕ್ಟೋಬರ್ ಮ್ಯಾನ್’ ಸಾಕು, ಅದಕ್ಕೆ ಹಿಂದಿನದೇನೂ ಗೊತ್ತಿರಬೇಕಿಲ್ಲ. ಕೇಳುವ ಅಭ್ಯಾಸವಿದ್ದರೆ ಕೋಬ್ನಾ ಹೋಲ್ಡ್‌ಬ್ರೂಕ್-ಸ್ಮಿತ್ ಓದಿರುವ ಆಡಿಯೊ ಪುಸ್ತಕಗಳಿವೆ. ಘಾನಾ ಮೂಲದ ಈ ನಟ ಥೇಮ್ಸಮ್ಮನ ನೈಜೀರಿಯನ್ ಇಂಗ್ಲಿಷಿನಿಂದ ನೈಟಿಂಗೇಲ್‌ನ ಹಳೆಗಾಲದ ಉಚ್ಚಾರಕ್ಕೆ ಒಂದೇ ಉಸಿರಿನಲ್ಲಿ ದಾಟುತ್ತಾರೆ. ಲಂಡನ್ನಿನ ಯಾವ ಕೇರಿಯವರು ಹೇಗೆ ಮಾತಾಡುತ್ತಾರೆ ಎಂದು ಗೊತ್ತಿಲ್ಲದ ನಮ್ಮಂಥವರಿಗೆ, ಮುದ್ರಿತ ಪುಟ ಕೊಡಲಾರದ ಅರ್ಧ ತಮಾಷೆ ಅಲ್ಲಿ ಸಿಗುತ್ತದೆ.