ಹಿಮಾಲಯ ದಾಟಿ ಬಂದ ಅತಿಥಿಗಳು

ಯರಗುಪ್ಪಿಯಲ್ಲಿ ಭೂಗೋಳ ಕಲಿಸುತ್ತಿದ್ದಾಗ, ಹಿಮಾಲಯವು ಉತ್ತರದ ಅಭೇದ್ಯ ಗೋಡೆಯೆಂದು ಪ್ರತಿವರ್ಷವೂ ಮಕ್ಕಳಿಗೆ ಹೇಳುತ್ತಿದ್ದೆ. ಒಂದು ಚಳಿಗಾಲದಲ್ಲಿ ಅವರನ್ನು ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆಗೆ ಕರೆದೊಯ್ದೆ. ನೀರಿನ ತುಂಬ ಪಟ್ಟೆತಲೆಯ ಹೆಬ್ಬಾತುಗಳು. ಅವು ಮಂಗೋಲಿಯಾ, ಟಿಬೆಟ್‌ಗಳ ಕಡೆಯಿಂದ ಬರುತ್ತವೆಂದು ತಿಳಿಸಿದೊಡನೆ ಹುಡುಗನೊಬ್ಬ ಕೇಳಿದ: "ಸರ, ಹಂಗಾದ್ರ ಆ ಗ್ವಾಡಿ ಹೆಂಗ ದಾಟಿದುವ್ರಿ?" ನನ್ನಲ್ಲಿ ಉತ್ತರವಿರಲಿಲ್ಲ.

ಆ ಪ್ರಶ್ನೆಯೇ ನನ್ನನ್ನು ಓದಿಗೆ ಹಚ್ಚಿತು. ಈ ಹಕ್ಕಿಯ ರಕ್ತವು ತೆಳುಗಾಳಿಯಲ್ಲಿಯೂ ಆಮ್ಲಜನಕವನ್ನು ಚೆನ್ನಾಗಿ ಹಿಡಿದುಕೊಳ್ಳುತ್ತದೆ. ಕಣಿವೆಗಳ ಏರಿಳಿತವನ್ನು ಅನುಸರಿಸುತ್ತ ಅದು ಪರ್ವತವನ್ನು ದಾಟುತ್ತದೆ.

ಇಂದು ಅನುಕೂಲಸ್ಥರು ಹಕ್ಕಿಗಳನ್ನು ನೋಡಲೆಂದೇ ರಜೆಯಲ್ಲಿ ವಿದೇಶದ ಸರೋವರಗಳಿಗೆ ಹೋಗುತ್ತಾರೆ. ಈ ಹವ್ಯಾಸದ ಚರಿತ್ರೆ ಬಹಳ ಹಳೆಯದೇನಲ್ಲ. ಹಿಂದೆ ದೊಡ್ಡವರು ಜೌಗು ನೆಲಕ್ಕೆ ಹೋಗುತ್ತಿದ್ದುದು ಬಂದೂಕು ಹಿಡಿದು. 1938ರಲ್ಲಿ ಭರತಪುರದಲ್ಲಿ ವೈಸ್‌ರಾಯ್ ಲಿನ್‌ಲಿತ್‌ಗೋ ಅವರ ಬೇಟೆಯ ತಂಡವು ಒಂದೇ ದಿನದಲ್ಲಿ 4,273 ಹಕ್ಕಿಗಳನ್ನು ಕೊಂದಿತು. ಅದಾದ ಎರಡೇ ವರ್ಷಕ್ಕೆ, 1940ರಲ್ಲಿ, ಸಲೀಂ ಅಲಿಯವರ ಒತ್ತಾಸೆಯಿಂದ ಮೈಸೂರು ಸಂಸ್ಥಾನದಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. ಇಂಗ್ಲೆಂಡಿನಲ್ಲಿ, ತಾರುಣ್ಯದಲ್ಲಿ ಸ್ವತಃ ಬಾತುಗಳ ಬೇಟೆಗಾರರಾಗಿದ್ದ ಪೀಟರ್ ಸ್ಕಾಟ್ 1946ರಲ್ಲಿ ಸ್ಲಿಮ್‌ಬ್ರಿಜ್‌ನಲ್ಲಿ ಜಲಪಕ್ಷಿಗಳ ರಕ್ಷಣೆಗೆ ಸಂಸ್ಥೆ ಕಟ್ಟಿ, ಜನರು ಬಂದು ನೋಡಲು ಬಾಗಿಲು ತೆರೆದರು. 1971ರ ಫೆಬ್ರುವರಿ 2ರಂದು ಇರಾನಿನ ರಾಮ್ಸಾರ್ ಪಟ್ಟಣದಲ್ಲಿ ಜೌಗು ಪ್ರದೇಶಗಳನ್ನು ಕುರಿತ ಅಂತರರಾಷ್ಟ್ರೀಯ ಒಪ್ಪಂದವಾಯಿತು. 2024ರಲ್ಲಿ ಅಂಕಸಮುದ್ರ, ಅಘನಾಶಿನಿಗಳೊಂದಿಗೆ ಮಾಗಡಿ ಕೆರೆಯೂ ಆ ಪಟ್ಟಿಗೆ ಸೇರಿತು. ನಮ್ಮ ನೆರೆಯ ಕೆರೆಗೆ ಸಂದ ಮನ್ನಣೆ ನನಗೆ ಹೆಮ್ಮೆಯೇ.

ಆದರೂ ಒಂದು ಮಾತು ಮನಸ್ಸಿನಲ್ಲಿ ಉಳಿಯುತ್ತದೆ. ಈ ಹೆಬ್ಬಾತುಗಳು ಕೆರೆಯಲ್ಲಿ ವಿಶ್ರಮಿಸಿದರೂ ಮೇಯುವುದು ಸುತ್ತಲಿನ ಶೇಂಗಾ, ಕಡಲೆಯ ಹೊಲಗಳಲ್ಲಿ. ನೋಡುವವನ ಸಂತೋಷಕ್ಕೆ ಬಿತ್ತಿದವನು ಬೆಲೆ ತೆರುತ್ತಾನೆ. ಪಟ್ಟಿಯಲ್ಲಿ ಕೆರೆಯ ಹೆಸರಿದೆ, ರೈತನ ಹೆಸರಿಲ್ಲ. ಅವನು ಮುನಿದರೆ ಯಾವ ಒಪ್ಪಂದವೂ ಹಕ್ಕಿಯನ್ನು ಉಳಿಸಲಾರದು.

ಆದುದರಿಂದ ಮಾಗಡಿಗೆ ಹೋಗುವ ಓದುಗರಲ್ಲಿ ನನ್ನದೊಂದು ವಿನಂತಿ: ದುರ್ಬೀನಿನಲ್ಲಿ ಕೆರೆಯನ್ನು ನೋಡಿದ ಮೇಲೆ ಒಡ್ಡಿನಾಚೆಯ ಹೊಲಕ್ಕೂ ಹೋಗಿ, ಅಲ್ಲಿಯ ರೈತನೊಡನೆ ಎರಡು ಮಾತನಾಡಿ ಬನ್ನಿ. ದೂರದ ಅತಿಥಿಗಳಿಗೆ ಉಣ್ಣಲಿಕ್ಕುತ್ತಿರುವವನು ಅವನೇ.