ಪರದೆ ಯಾರ ಕಡೆಗೆ?

ಗಾದಿಗನೂರಿನವನಾದ ನನಗೆ ಕಂಪ್ಯೂಟರಿನ ಚರಿತ್ರೆಯೆಂದರೆ ಬೆಂಗಳೂರಿನ ಕಂಪನಿಗಳ ಚರಿತ್ರೆಯಷ್ಟೇ ಅಲ್ಲ, ಪಹಣಿಯ ಚರಿತ್ರೆಯೂ ಹೌದು. ನಮ್ಮ ಸೀಮೆಯ ಎಷ್ಟೋ ರೈತರು ಕಂಪ್ಯೂಟರನ್ನು ಹತ್ತಿರದಿಂದ ನೋಡಿದ್ದು ತಾಲ್ಲೂಕು ಕಚೇರಿಯಲ್ಲಿ. ಅವರ ಕಣ್ಣಿಗೆ ಬಿದ್ದದ್ದು ಪರದೆ. ಪೆಟ್ಟಿಗೆಯಿಂದ ಪರದೆಗೆ ಹೋಗುವ ಕೇಬಲ್ಲನ್ನು ಯಾರೂ ಗಮನಿಸುವುದಿಲ್ಲ. ಆದರೆ ಅದಕ್ಕೂ ಒಂದು ಚರಿತ್ರೆಯಿದೆ.

1981ರಲ್ಲಿ ಐಬಿಎಂ ತನ್ನ ಪಿಸಿಯನ್ನು ಹೊರತಂದಾಗ ಚಿತ್ರ ಕಳಿಸಲು ಪ್ರತ್ಯೇಕ ಕಾರ್ಡು ಬೇಕಿತ್ತು. ಅದರ ಹಿಂಬದಿಯಲ್ಲಿ ಒಂಬತ್ತು ಪಿನ್ನಿನ ಪೋರ್ಟು. ಸಿಜಿಎ ಎಂಬ ಬಣ್ಣದ ಕಾರ್ಡಿನಲ್ಲಿ ಕೆಂಪು, ಹಸಿರು, ನೀಲಿಗೆ ಒಂದೊಂದು ತಂತಿ, ಹೊಳಪಿಗೆ ಇನ್ನೊಂದು. ಪ್ರತಿ ತಂತಿಯೂ ದೀಪದ ಸ್ವಿಚ್ಚಿನಂತೆ: ಆನ್ ಇಲ್ಲವೇ ಆಫ್. ಹಾಗಾಗಿ ಒಟ್ಟು ಬಣ್ಣ ಹದಿನಾರೇ. ಅಕ್ಷರಗಳ ಆಕಾರವೂ ಕಾರ್ಡಿನ ಚಿಪ್ಪಿನಲ್ಲೇ ಅಚ್ಚಾಗಿತ್ತು; ಅಲ್ಲಿ ಕನ್ನಡಕ್ಕೆ ಜಾಗವಿರಲಿಲ್ಲ. ಈ ಕೊರತೆ ತುಂಬಲು ಬಂದದ್ದು ಕಾನ್ಪುರದ ಐಐಟಿಯಲ್ಲಿ ಹುಟ್ಟಿ, ಪುಣೆಯ ಸಿ-ಡ್ಯಾಕ್‌ನಲ್ಲಿ ಬೆಳೆದ 'ಜಿಸ್ಟ್' ಕಾರ್ಡು. ಅದನ್ನು ಪಿಸಿಯೊಳಗೆ ಕೂರಿಸಿದರೆ ಡಾಸ್ ಪ್ರೋಗ್ರಾಮುಗಳಲ್ಲೂ ಭಾರತೀಯ ಲಿಪಿಗಳು ಮೂಡುತ್ತಿದ್ದವು.

1987ರಲ್ಲಿ ಐಬಿಎಂ ವಿಜಿಎ ತಂದಿತು. ಮೂರು ಸಾಲು, ಹದಿನೈದು ಪಿನ್ನು. ನಾವೆಲ್ಲ ಕಂಡಿರುವ ನೀಲಿ ಪೋರ್ಟು. ಇಲ್ಲಿ ತಂತಿ ಸ್ವಿಚ್ಚಿನಂತಲ್ಲ, ಫ್ಯಾನಿನ ರೆಗ್ಯುಲೇಟರಿನಂತೆ: ಒಂದು ವೋಲ್ಟಿಗೂ ಕಡಿಮೆ ವಿದ್ಯುತ್ತನ್ನು ಏರಿಸಿ ಇಳಿಸಿ ಬಣ್ಣದ ನೂರಾರು ಛಾಯೆಗಳನ್ನು ಕಳಿಸಬಹುದಿತ್ತು. ಇದೇ ಅನಲಾಗ್ ವಿಧಾನ. ಇದರ ಇನ್ನೊಂದು ಗುಣವೆಂದರೆ, ಅಗ್ಗದ ಸ್ಪ್ಲಿಟರೊಂದನ್ನು ಸಿಕ್ಕಿಸಿ ಒಂದೇ ಚಿತ್ರವನ್ನು ಎರಡು ಪರದೆಗಳಿಗೆ ಹಂಚಬಹುದಿತ್ತು.

ಎರಡನೇ ಪರದೆಯ ಬೆಲೆ ಗೊತ್ತಾದದ್ದು 'ಭೂಮಿ' ಯೋಜನೆಯಲ್ಲಿ. ಅಲ್ಲಿಯವರೆಗೆ ಪಹಣಿ ಗ್ರಾಮ ಲೆಕ್ಕಿಗರ ಕೈಬರಹದಲ್ಲಿತ್ತು. ಬರೆದದ್ದೇನು, ತಿದ್ದಿದ್ದೇನು ಎಂದು ರೈತನಿಗೆ ಕಾಣುತ್ತಿರಲಿಲ್ಲ. ಸುಮಾರು 67 ಲಕ್ಷ ರೈತರ 2 ಕೋಟಿ ದಾಖಲೆಗಳು ಕಂಪ್ಯೂಟರಿಗೆ ಏರಿದವು. ಕೈಬರಹದ ಪಹಣಿಗೆ ಮಾನ್ಯತೆ ಹೋಯಿತು. ತಾಲ್ಲೂಕು ಕಚೇರಿಯಲ್ಲಿ 15 ರೂಪಾಯಿಗೆ ಮುದ್ರಿತ ಪ್ರತಿ ಸಿಗತೊಡಗಿತು. ಈ ಕೇಂದ್ರಗಳ ವ್ಯವಸ್ಥೆಯಲ್ಲೇ ಇನ್ನೊಂದು ಅಂಶ ಸೇರಿತ್ತು: ಆಪರೇಟರಿನ ಪರದೆಯ ಜೊತೆಗೆ ರೈತನ ಕಡೆ ಮುಖ ಮಾಡಿದ ಇನ್ನೊಂದು ಪರದೆ. ತನ್ನ ಸರ್ವೆ ನಂಬರು, ತಂದೆಯ ಹೆಸರು, ಎಕರೆ-ಗುಂಟೆ ಸರಿಯಾಗಿವೆಯೇ ಎಂದು ಅವನು ನಿಂತಲ್ಲೇ ನೋಡಬಹುದಿತ್ತು. ಓದು ಬಾರದವನು ಜೊತೆಗೆ ಬಂದವರಿಂದ ಓದಿಸಿಕೊಳ್ಳಬಹುದಿತ್ತು. ನನ್ನ ದೃಷ್ಟಿಯಲ್ಲಿ ಭೂಮಿಯ ಸಾಫ್ಟ್‌ವೇರಿನಷ್ಟೇ ದೊಡ್ಡ ಸಂಗತಿ ಇದು.

ಅಷ್ಟರಲ್ಲಿ ದಪ್ಪ ಗಾಜಿನ ಮಾನಿಟರು ಹೋಗಿ ತೆಳು ಎಲ್‌ಸಿಡಿ ಬರುತ್ತಿತ್ತು. ಕಂಪ್ಯೂಟರಿನಂತೆ ಅದೂ ಡಿಜಿಟಲ್. ನಡುವಿನ ಅನಲಾಗ್ ಕೇಬಲ್ಲಿನಿಂದ ಅಕ್ಷರ ಮಸುಕಾಗುತ್ತಿತ್ತು. 1999ರಲ್ಲಿ ಡಿವಿಐ, 2002ರ ಕೊನೆಗೆ ದನಿಯನ್ನೂ ಒಯ್ಯುವ ಎಚ್‌ಡಿಎಂಐ, 2006ರಲ್ಲಿ ಡಿಸ್‌ಪ್ಲೇಪೋರ್ಟ್ ಬಂದವು. 2015ರ ಹೊತ್ತಿಗೆ ವಿಜಿಎ ಕೈಬಿಡುವುದಾಗಿ ಇಂಟೆಲ್, ಎಎಂಡಿ ಮೊದಲಾದ ಕಂಪನಿಗಳು 2010ರಲ್ಲೇ ಸಾರಿದವು. ಆದರೂ ಹಳೆಯ ಪ್ರೊಜೆಕ್ಟರುಗಳಲ್ಲಿ ನೀಲಿ ಪೋರ್ಟು ಇನ್ನೂ ಬದುಕಿದೆ. ಹೊಸ ಲ್ಯಾಪ್‌ಟಾಪಿನ ಎಚ್‌ಡಿಎಂಐಯನ್ನು ಅದಕ್ಕೆ ಜೋಡಿಸಲು ಬರೀ ತಂತಿ ಸಾಲದು, ಡಿಜಿಟಲ್ಲನ್ನು ಅನಲಾಗಿಗೆ ತಿರುಗಿಸುವ ಚಿಪ್ಪಿರುವ ಕನ್ವರ್ಟರು ಬೇಕು.

ಇಂದಿನ ಗ್ರಾಫಿಕ್ಸ್ ಕಾರ್ಡುಗಳಲ್ಲಿ ಮೂರು-ನಾಲ್ಕು ಪೋರ್ಟುಗಳಿರುವುದು ಸಾಮಾನ್ಯ. ಎರಡನೇ ಪರದೆಗೆ ಸ್ಪ್ಲಿಟರೂ ಬೇಕಿಲ್ಲ. ಪಹಣಿ ಈಗ ಮೊಬೈಲಿನಲ್ಲೂ ಸಿಗುತ್ತದೆ, ನಿಜ. ಆದರೂ ಬ್ಯಾಂಕಿನಲ್ಲೋ ಕಚೇರಿಯಲ್ಲೋ ನಮ್ಮ ಹೆಸರು, ನಮ್ಮ ಲೆಕ್ಕವನ್ನು ಇನ್ನೊಬ್ಬರು ಟೈಪ್ ಮಾಡುವಾಗ ನಮಗೆ ಕಾಣುವುದು ಹೆಚ್ಚಾಗಿ ಮಾನಿಟರಿನ ಬೆನ್ನು. ಪೋರ್ಟು ಖಾಲಿ ಇದೆ. ಅದಕ್ಕೊಂದು ಪರದೆ ಜೋಡಿಸಿ ನಮ್ಮ ಕಡೆ ತಿರುಗಿಸಿ ಎಂದು ಕೇಳುವುದಷ್ಟೇ ಬಾಕಿ.