ಏನನ್ನು ಕೈಚೆಲ್ಲಿದರು?

‘ಕೈಚೆಲ್ಲು’ ಎಂಬ ಮಾತಿಲ್ಲದೆ ನಮ್ಮ ಪತ್ರಿಕೆಗಳ ಕ್ರೀಡಾಪುಟಕ್ಕೆ ಒಂದು ವಾರ ಕಳೆಯುವುದೂ ಕಷ್ಟ. ಕ್ಯಾಚ್ ಕೈಚೆಲ್ಲಿದರು, ಅವಕಾಶ ಕೈಚೆಲ್ಲಿದರು, ಗೆಲ್ಲುವ ಪಂದ್ಯ ಕೈಚೆಲ್ಲಿದರು. ಕ್ರೀಡಾಪುಟದ ಆಚೆ ಈ ಮಾತಿನ ಬಾಳೇ ಬೇರೆ. ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತ ನೆಂಟರು ‘ಡಾಕ್ಟ್ರು ಕೈಚೆಲ್ಲಿಬಿಟ್ಟರಂತೆ’ ಎಂದು ದನಿ ತಗ್ಗಿಸುತ್ತಾರೆ. ಎರಡು ಸಲ ಬಿತ್ತಿ, ಎರಡು ಸಲವೂ ಮಳೆ ಕೈಕೊಟ್ಟ ರೈತ ಕೈಚೆಲ್ಲಿ ಕೂರುತ್ತಾನೆ. ಡಾಕ್ಟರಾಗಲಿ ರೈತನಾಗಲಿ ಯಾವುದನ್ನೂ ಜಾರಿಸಿಕೊಂಡಿಲ್ಲ. ಮಾಡಬೇಕಾದ್ದೆಲ್ಲ ಮಾಡಿ ಮುಗಿದಿದೆ, ಇನ್ನು ಮಾಡಲು ಏನೂ ಉಳಿದಿಲ್ಲ, ಅಷ್ಟೆ.

‘ಏನನ್ನು ಕೈಚೆಲ್ಲಿದರು?’ ಎಂದು ಕೇಳಿದಾಗ ಉತ್ತರ ಸಿಕ್ಕರೆ ಆ ವಾಕ್ಯದಲ್ಲಿ ಒಂದು ದೂರು ಇರುತ್ತದೆ. ಸಿಗದಿದ್ದರೆ ಅದರಲ್ಲಿರುವುದು ಮರುಕ. ಸೋತವರ ಬಗ್ಗೆ ಬರೆಯುವ ನಾವು ಹೆಚ್ಚಾಗಿ ದೂರಿನ ಕೈಚೆಲ್ಲುವಿಕೆಯನ್ನೇ ಆರಿಸಿಕೊಳ್ಳುತ್ತೇವೆ. ಇದು ಎಷ್ಟೋ ಆಟಗಾರರಿಗೆ ಮಾಡಿದ ಅನ್ಯಾಯ ಎಂದೇ ನನ್ನ ಅನಿಸಿಕೆ.

ದೂರು ನ್ಯಾಯವಾಗಿಯೇ ಸಲ್ಲುವ ಪ್ರಸಂಗ ಇಲ್ಲವೆಂದಲ್ಲ. 1999ರ ವಿಶ್ವಕಪ್, ಜೂನ್ 13, ಲೀಡ್ಸ್‌ನ ಹೆಡಿಂಗ್ಲೆ. ದಕ್ಷಿಣ ಆಫ್ರಿಕಾದ ಹರ್ಷೆಲ್ ಗಿಬ್ಸ್ ಆ ದಿನ ಶತಕ ಹೊಡೆದವರು. ಆಸ್ಟ್ರೇಲಿಯಾ ಬೆನ್ನಟ್ಟುವಾಗ 56 ರನ್ ಗಳಿಸಿದ್ದ ಸ್ಟೀವ್ ವಾ ಕೊಟ್ಟ ಸುಲಭದ ಕ್ಯಾಚ್ ಗಿಬ್ಸ್ ಕೈಸೇರಿತು. ಸಂಭ್ರಮದಲ್ಲಿ ಚೆಂಡನ್ನು ಮೇಲಕ್ಕೆ ಎಸೆಯಹೋದರು, ಹಿಡಿತ ಸಿಗುವ ಮೊದಲೇ ಅದು ಜಾರಿತು. ವಾ ಅಜೇಯ 120 ರನ್ ಹೊಡೆದು ಪಂದ್ಯ ಗೆಲ್ಲಿಸಿದರು. ಆ ಗೆಲುವಿನಿಂದಲೇ ಸೂಪರ್ ಸಿಕ್ಸ್ ಪಟ್ಟಿಯಲ್ಲಿ ಆಸ್ಟ್ರೇಲಿಯಾ ದಕ್ಷಿಣ ಆಫ್ರಿಕಾಕ್ಕಿಂತ ಮೇಲಿನ ಸ್ಥಾನ ಪಡೆಯಿತು.

ನಾಲ್ಕೇ ದಿನಕ್ಕೆ ಅದೇ ಎರಡು ತಂಡಗಳು ಎಜ್‌ಬಾಸ್ಟನ್‌ನಲ್ಲಿ ಸೆಮಿಫೈನಲ್‌ಗೆ ಇಳಿದವು. ದಕ್ಷಿಣ ಆಫ್ರಿಕಾದ ಗುರಿ 214. ಕೊನೆಯ ಓವರ್‌ಗೆ 9 ರನ್ ಬೇಕು, ಉಳಿದದ್ದು ಒಂದೇ ವಿಕೆಟ್. ಡೇಮಿಯನ್ ಫ್ಲೆಮಿಂಗ್ ಹಾಕಿದ ಮೊದಲ ಎರಡು ಎಸೆತಗಳನ್ನು ಲ್ಯಾನ್ಸ್ ಕ್ಲೂಸ್ನರ್ ಬೌಂಡರಿಗೆ ಬಾರಿಸಿದರು. ಸ್ಕೋರ್ ಸಮ. ನಾಲ್ಕು ಎಸೆತ, ಒಂದು ರನ್. ಮೂರನೆಯ ಎಸೆತದಲ್ಲಿ ಆಚೆ ತುದಿಯ ಅಲನ್ ಡೊನಾಲ್ಡ್ ಬಹಳ ಮುಂದೆ ಬಂದು, ರನ್‌ಔಟ್ ಆಗುವುದರಿಂದ ಕೂದಲೆಳೆಯಲ್ಲಿ ಪಾರಾದರು. ನಾಲ್ಕನೆಯದನ್ನು ಮಿಡ್‌ಆಫ್ ಕಡೆ ತಳ್ಳಿ ಕ್ಲೂಸ್ನರ್ ಓಡಿಯೇಬಿಟ್ಟರು. ಚೆಂಡಿನ ಮೇಲೆ ಕಣ್ಣಿಟ್ಟಿದ್ದ ಡೊನಾಲ್ಡ್ ಕದಲಲಿಲ್ಲ. ಕದಲಿದಾಗ ಕೈಯಲ್ಲಿದ್ದ ಬ್ಯಾಟ್ ನೆಲಕ್ಕೆ ಬಿದ್ದಿತ್ತು. ಬರಿಗೈಯಲ್ಲಿ ಓಡಿದರು. ಮಾರ್ಕ್ ವಾ ಎಸೆದ ಚೆಂಡು ಫ್ಲೆಮಿಂಗ್ ಮೂಲಕ ಗಿಲ್‌ಕ್ರಿಸ್ಟ್‌ಗೆ ಸಿಕ್ಕಿ ಬೇಲ್ಸ್ ಹಾರಿದವು. ಪಂದ್ಯ ಟೈ. ಸೂಪರ್ ಸಿಕ್ಸ್ ಪಟ್ಟಿಯಲ್ಲಿ ಮೇಲಿದ್ದ ಆಸ್ಟ್ರೇಲಿಯಾ ಫೈನಲ್‌ಗೆ ಹೋಯಿತು. ಅತ್ತ ಕೈಗೆ ಬಂದ ಚೆಂಡು, ಇತ್ತ ಕೈಯಲ್ಲಿದ್ದ ಬ್ಯಾಟು; ಈ ಎರಡು ಪಂದ್ಯಗಳಿಗೆ ‘ಕೈಚೆಲ್ಲಿದರು’ ಎಂಬುದು ಅಕ್ಷರಶಃ ಸಲ್ಲುತ್ತದೆ.

ಅದೇ ವರ್ಷದ ಜನವರಿ 31ರ ಚೆನ್ನೈ ಟೆಸ್ಟಿಗೂ ಇದೇ ಮಾತು ಸಲ್ಲುತ್ತದೆಯೇ? ಪಾಕಿಸ್ತಾನದ ಎರಡನೆಯ ಇನಿಂಗ್ಸ್‌ನಲ್ಲಿ ವೆಂಕಟೇಶ ಪ್ರಸಾದ್ ಒಂದು ಹಂತದಲ್ಲಿ ಒಂದೂ ರನ್ ಕೊಡದೆ ಐದು ವಿಕೆಟ್ ಕಿತ್ತಿದ್ದರು. 4 ವಿಕೆಟ್‌ಗೆ 275 ಇದ್ದ ತಂಡ 286ಕ್ಕೆ ಆಲೌಟ್. 271 ರನ್ ಬೆನ್ನಟ್ಟಿದ ಭಾರತಕ್ಕೆ ಬೆನ್ನುನೋವಿನಲ್ಲೇ ಆಡಿದ ಸಚಿನ್ ತೆಂಡೂಲ್ಕರ್ 136 ಹೊಡೆದರು. ಇನ್ನು ಬೇಕಿದ್ದದ್ದು 17. ಸಕ್ಲೇನ್ ಮುಷ್ತಾಕ್ ಎಸೆತವನ್ನು ಎತ್ತಿ ಹೊಡೆದರು, ಚೆಂಡು ವಾಸಿಂ ಅಕ್ರಮ್ ಕೈಗೆ ಹೋಯಿತು. ಆಗ ಉಳಿದಿದ್ದವರು ಗದಗಿನ ಸುನಿಲ್ ಜೋಶಿ, ಬೆಂಗಳೂರಿನ ಅನಿಲ್ ಕುಂಬ್ಳೆ, ಮೈಸೂರಿನ ಜಾವಗಲ್ ಶ್ರೀನಾಥ್ ಮತ್ತು ಪ್ರಸಾದ್. ನಾಲ್ವರೂ ನಮ್ಮವರೇ. ನಾಲ್ಕು ರನ್ ಸೇರಿಸುವಷ್ಟರಲ್ಲಿ ಎಲ್ಲ ಮುಗಿಯಿತು. 12 ರನ್ ಸೋಲು.

‘ಗೆಲುವು ಕೈಚೆಲ್ಲಿದ ಭಾರತ’ ಎಂದು ಬರೆದುಬಿಡುವುದು ಸುಲಭ. ಆ ಮೂರು ಪದಗಳಲ್ಲಿ ಸಕ್ಲೇನ್ ಇಲ್ಲ. ಎರಡೂ ಇನಿಂಗ್ಸ್‌ಗಳಲ್ಲಿ ಐದೈದು ವಿಕೆಟ್ ಪಡೆದ ಸಕ್ಲೇನ್, ಜೊತೆಗೆ ವಾಸಿಂ; ಅವರೆದುರು ನಿಂತದ್ದು ಬಾಲಂಗೋಚಿಗಳು. ಕೈಚೆಲ್ಲು ಎಂಬ ಮಾತಿನ ದೊಡ್ಡ ಕೊರತೆ ಇದು. ಸೋತವರ ಕೈ ಮಾತ್ರ ಕಾಣಿಸುತ್ತದೆ, ಕಿತ್ತುಕೊಂಡವರ ಕೈ ಕಾಣಿಸುವುದೇ ಇಲ್ಲ. ಚೆಪಾಕ್‌ನ ಪ್ರೇಕ್ಷಕರು ಅದನ್ನು ಕಂಡಿದ್ದರು. ಎದ್ದು ನಿಂತು ಪಾಕಿಸ್ತಾನದ ಆಟಗಾರರಿಗೆ ಚಪ್ಪಾಳೆ ತಟ್ಟಿದರು.

ಕುಂಬ್ಳೆ, ಶ್ರೀನಾಥ್ ಒತ್ತಡಕ್ಕೆ ಕುಸಿಯುವವರೆಂದು ಹೇಳುವವರಿಗೆ 1996ರ ಅಕ್ಟೋಬರ್ 21 ನೆನಪಿರಲಿ. ಟೈಟನ್ ಕಪ್, ಚಿನ್ನಸ್ವಾಮಿ ಕ್ರೀಡಾಂಗಣ. ಆಸ್ಟ್ರೇಲಿಯಾ ವಿರುದ್ಧ 216 ಬೇಕು. 88 ಹೊಡೆದ ಸಚಿನ್ ಎಂಟನೆಯವರಾಗಿ ಔಟಾದಾಗ ಸ್ಕೋರ್ 164. ಆಮೇಲಿನ 52 ರನ್ನುಗಳನ್ನು ಹೊಡೆದವರು ಇವರಿಬ್ಬರೇ. ಆ ರಾತ್ರಿ ರಾಜ್ಯದ ಎಷ್ಟು ಮನೆಗಳಲ್ಲಿ ಅನ್ನ ಆರಿಹೋಗಿತ್ತೋ! ಅದೇ ಇಬ್ಬರು, ಅದೇ ಬ್ಯಾಟುಗಳು, ಒಂದು ದಿನ ನಿಂತರು, ಒಂದು ದಿನ ನಿಲ್ಲಲಾಗಲಿಲ್ಲ.

ಆದರೂ ಕೈಚೆಲ್ಲು ಎಂಬ ಕನ್ನಡದ ಮಾತಿಗೆ ಒಂದು ಒಳ್ಳೆಯ ಗುಣವಿದೆ: ಅದು ಕ್ರಿಯಾಪದ. ಅಂದು ಕೈಚೆಲ್ಲಿದರು, ಅಂದಿಗೆ ಮುಗಿಯಿತು. ಇಂಗ್ಲಿಷಿನಿಂದ ಬಂದು ನಮ್ಮ ಪುಟಗಳಲ್ಲೂ ಠಿಕಾಣಿ ಹೂಡಿದ, ಒತ್ತಡಕ್ಕೆ ಕುಸಿಯುವವರು ಎಂಬರ್ಥದ ‘ಚೋಕರ್ಸ್’ ಹಾಗಲ್ಲ. ಅದು ಮನೆತನದ ಹೆಸರಿನ ಹಾಗೆ ಅಂಟಿಕೊಳ್ಳುತ್ತದೆ. ಎಜ್‌ಬಾಸ್ಟನ್ ಪಂದ್ಯ ನಡೆದಾಗ ಹುಟ್ಟಿರದ ಹುಡುಗರೂ ದಕ್ಷಿಣ ಆಫ್ರಿಕಾದ ಅಂಗಿ ತೊಟ್ಟರೆ ಅದನ್ನು ಹೊರಬೇಕು. 1992ರ ವಿಶ್ವಕಪ್ ಸೆಮಿಫೈನಲ್ ದಿನ ಸಿಡ್ನಿಯ ಮಳೆ ನಿಂತಾಗ ಆ ತಂಡಕ್ಕೆ 13 ಎಸೆತಕ್ಕೆ 22 ರನ್ ಇದ್ದ ಲೆಕ್ಕವನ್ನು ನಿಯಮವೇ ಒಂದು ಎಸೆತಕ್ಕೆ ತಂದು ನಿಲ್ಲಿಸಿತು. ಅದನ್ನೂ ಈ ಹೆಸರಿನ ಖಾತೆಗೇ ಬರೆಯುವವರಿದ್ದಾರೆ. 2024ರ ಟಿ20 ವಿಶ್ವಕಪ್ ಫೈನಲ್‌ನಲ್ಲಿ, ಬಾರ್ಬಡೋಸ್‌ನಲ್ಲಿ, ಭಾರತದ ಎದುರು ದಕ್ಷಿಣ ಆಫ್ರಿಕಾಕ್ಕೆ 30 ಎಸೆತಕ್ಕೆ 30 ರನ್ ಸಾಕಿತ್ತು. ಬೂಮ್ರಾ, ಹಾರ್ದಿಕ್, ಅರ್ಷದೀಪ್ ಮುಂದಿನ ನಾಲ್ಕು ಓವರ್‌ಗಳಲ್ಲಿ ಬಿಟ್ಟುಕೊಟ್ಟದ್ದು 14 ರನ್. ನಮ್ಮ ರಾಹುಲ್ ದ್ರಾವಿಡ್ ಕೋಚ್ ಆಗಿ ಕಪ್ ಎತ್ತಿ ಕೂಗಿದ್ದನ್ನು ಕಂಡು ಕಣ್ಣು ತುಂಬಿಕೊಂಡವರು ನಾವು. ಅದನ್ನು ಎದುರಾಳಿ ಚೆಲ್ಲಿದ ಕಪ್ ಎಂದರೆ ಬೂಮ್ರಾ ಹಾಕಿದ ಓವರ್‌ಗಳಿಗೆ ಏನು ಬೆಲೆ?

ಮರುವರ್ಷದ ಜೂನ್‌ನಲ್ಲಿ, ಲಾರ್ಡ್ಸ್‌ನ ಟೆಸ್ಟ್ ಚಾಂಪಿಯನ್‌ಷಿಪ್ ಫೈನಲ್‌ನಲ್ಲಿ, ಆಸ್ಟ್ರೇಲಿಯಾ ಕೊಟ್ಟ 282 ರನ್ ಗುರಿಯನ್ನು ದಕ್ಷಿಣ ಆಫ್ರಿಕಾ ಬೆನ್ನಟ್ಟಿತು. ಬ್ಯಾಟ್ ಮಾಡುವಾಗ ಎದುರಾಳಿಗಳ ಬಾಯಲ್ಲಿ ಆ ಹಳೆಯ ಪದ ಕೇಳಿಸಿತು ಎಂದು ನಾಯಕ ತೆಂಬಾ ಬವುಮಾ ಪಂದ್ಯದ ನಂತರ ಹೇಳಿದರು. ತೊಡೆಯ ಸ್ನಾಯು ಸೆಳೆತದಲ್ಲಿ ಕುಂಟುತ್ತಲೇ ಅವರು 66 ಹೊಡೆದರು, ಏಡನ್ ಮಾರ್ಕ್ರಮ್ 136 ಹೊಡೆದರು, ಐದು ವಿಕೆಟ್ ಗೆಲುವು. ಬವುಮಾ 2 ರನ್ ಗಳಿಸಿದ್ದಾಗ ಸ್ಟಾರ್ಕ್ ಎಸೆತದಲ್ಲಿ ಸ್ಲಿಪ್‌ಗೆ ಕ್ಯಾಚ್ ಹೋಗಿತ್ತು. ಎಡ್ಜ್ ಆದ ಚೆಂಡು ಸ್ಲಿಪ್‌ವರೆಗೆ ಬರುತ್ತಿರಲಿಲ್ಲವೆಂದು ಸ್ಟೀವ್ ಸ್ಮಿತ್ ಹೆಲ್ಮೆಟ್ ಹಾಕಿಕೊಂಡು ತೀರಾ ಹತ್ತಿರ ನಿಂತಿದ್ದರು. ಚೆಂಡು ಬಡಿದ ಬಿರುಸಿಗೆ ಕಿರುಬೆರಳಿನ ಕೀಲೇ ತಪ್ಪಿತು. ಆ ಕ್ಯಾಚನ್ನು ಸ್ಮಿತ್ ಕೈಚೆಲ್ಲಿದರು ಎಂದು ನಾನಂತೂ ಬರೆಯಲಾರೆ.